ಮೂರು ಸಿಗರೇಟಿನ ಬ್ರೆಡ್ಡು

ನಮ್ಮ ಬೇಕರಿಯಲ್ಲಿ ಗಡಿಯಾರ ಇರಲಿಲ್ಲ. ಒಂದು ಒಲೆ ಬ್ರೆಡ್ಡಿಗೆ ಮೂರು ಸಿಗರೇಟು, ಇದು ಅಪ್ಪ ಕಲಿಸಿದ ಲೆಕ್ಕ. ಒಲೆಯ ಬಾಗಿಲು ಮುಚ್ಚಿ ಒಂದನ್ನು ಹಚ್ಚಬೇಕು, ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು. ಮೂರನೆಯದರ ಬಿಸಿ ಬೆರಳಿಗೆ ತಾಗಿದಾಗ ಬಾಗಿಲು ತೆಗೆದರೆ ಬ್ರೆಡ್ಡು ಹದವಾಗಿ ಕೆಂಪಾಗಿರುತ್ತಿತ್ತು. ಅಪ್ಪ ಐವತ್ತೊಂದಕ್ಕೆ ಎದೆ ಹಿಡಿದುಕೊಂಡು ಆ ಒಲೆಯ ಮುಂದೆಯೇ ಕುಸಿದು ತೀರಿಕೊಂಡರು. ಒಲೆಯ ಕಾವು ತಿಂದುಹಾಕಿತು ಎಂದು ನಾವೆಲ್ಲ ಮಾತಾಡಿಕೊಂಡೆವು.

ನಲವತ್ತೆಂಟಕ್ಕೆ ನನ್ನ ಸರದಿ. ಹೃದಯದ ಡಾಕ್ಟರು ಸ್ಟೆಂಟ್ ಹಾಕಿ ಉಳಿಸಿದರು. ಹೊಗೆ ರಕ್ತನಾಳದ ಒಳಮೈಯನ್ನು ಹಾಳುಮಾಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂದು ಬಿಡಿಸಿ ಹೇಳಿ, ಇನ್ನು ಒಂದೂ ಸೇದಕೂಡದು ಎಂದರು. ಮನೆಗೆ ಬರುವ ದಾರಿಯಲ್ಲೇ ಹೆಂಡತಿ ಒಂದು ಪುಟ್ಟ ಟೈಮರ್ ಕೊಂಡಳು. ನಿಮಿಷ ತಿರುಗಿಸಿಟ್ಟರೆ ಗಂಟೆ ಬಾರಿಸುವಂಥದ್ದು.

ಸೇದುವುದನ್ನು ಬಿಟ್ಟೆ, ಸುಳ್ಳಲ್ಲ. ಆದರೆ ಆ ಟೈಮರ್ ಮುಟ್ಟಲು ನನ್ನ ಹಟ ಬಿಡಲಿಲ್ಲ. ಮೂವತ್ತು ವರ್ಷ ಬ್ರೆಡ್ಡು ಬೇಯಿಸಿದವನಿಗೆ ಆಟದ ಸಾಮಾನು ಬುದ್ಧಿ ಹೇಳಬೇಕೇ? ಅಂದಾಜಿನ ಮೇಲೆ ನಡೆಸಿ ನಾಲ್ಕು ಒಲೆ ಬ್ರೆಡ್ಡು ಕರಕಲಾಯಿತು. ಆಗ ಹೊಳೆಯಿತು: ಸೇದಬಾರದು ನಿಜ, ಹಚ್ಚಬಾರದೆಂದು ಯಾರು ಹೇಳಿದರು? ಒಲೆಯ ಪಕ್ಕದ ಕಟ್ಟೆಯಂಚಿಗೆ ಸಿಗರೇಟು ಹಚ್ಚಿಟ್ಟು ಉರಿಯಲು ಬಿಟ್ಟೆ. ಸೇದದಿದ್ದರೆ ಅದು ಉರಿಯುವುದು ನಿಧಾನ, ಎರಡೇ ಸಾಕಾಗುತ್ತಿತ್ತು. ಬಾಯಲ್ಲಿ ನೀರೂರಿದರೂ ತುಟಿಗೆ ತಾಗಿಸಲಿಲ್ಲ. ಬಂದ ಗಿರಾಕಿಗಳ ಮುಂದೆಲ್ಲ ಜಂಬ ಕೊಚ್ಚಿಕೊಂಡೆ.

ಹೆಂಡತಿ ನಾಲ್ಕು ಹೆಜ್ಜೆ ದೂರದಲ್ಲಿ ಹಿಟ್ಟು ನಾದುತ್ತಿದ್ದಳು. ಗಾಳಿ ಬಡಿದರೆ ಹಿಟ್ಟು ಉಬ್ಬುವುದಿಲ್ಲವೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು. ಟೈಮರ್ ಇಡಿ ಎಂದು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳದ ಹಾಗೆ ಮುಖಕ್ಕೆ ಹೊಡೆದಂತೆ ಮಾತಾಡಿದೆ.

ಮೂರು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವಳು ನಾದುವುದನ್ನು ನಿಲ್ಲಿಸಿದಳು.

“ಕೈ ಸೋಲ್ತಿದೆ ರೀ. ದವಡೆ ಹಿಡ್ಕೊಂಡ ಹಾಗಿದೆ,” ಅಂದಳು.

ಮುಖ ಬಿಳಿಚಿಕೊಂಡು ಬೆವರಿತ್ತು. ಕೂತಿರು, ಈ ಒಲೆ ತೆಗೆದು ಡಾಕ್ಟರ ಹತ್ತಿರ ಹೋಗೋಣ ಎಂದೆ. ಎರಡನೆಯ ಸಿಗರೇಟು ಇನ್ನೂ ಅರ್ಧ ಉಳಿದಿತ್ತು. ಅದು ಮುಗಿಯುವ ತನಕ ಕಾದೆ. ಪಾಪಿ ನಾನು, ಕಾದೆ.

ಅದೇ ಆಸ್ಪತ್ರೆ, ಅದೇ ಡಾಕ್ಟರು. ನಾಳ ಕಟ್ಟಿಕೊಂಡಿದ್ದನ್ನು ನೋಡಿ, ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಅವಳನ್ನು ಕೇಳಿದರು.

“ನಾನು ಸೇದಲ್ಲ ಡಾಕ್ಟ್ರೇ. ಮೊದಲು ಒಲೆಗೆ ಮೂರು, ಈಗ ಎರಡು. ಇವರು ಹಚ್ತಾರೆ, ನಾನು ಅಲ್ಲೇ ಇರ್ತೀನಿ.”

ಡಾಕ್ಟರು ನನ್ನತ್ತ ತಿರುಗಿದರು. ಕಟ್ಟೆಯಂಚಿನ ಕತೆಯನ್ನು ನಾನೇ ಹೇಳಬೇಕಾಯಿತು. ಮುಚ್ಚಿದ ಕೋಣೆಯ ಹೊಗೆ ಸೇದದವರ ನಾಳವನ್ನೂ ಕೆಡಿಸುತ್ತದೆ, ಕರೆತಂದದ್ದೂ ತಡವಾಯಿತು ಎಂದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ಅವಳು ಹೋದಳು.

ತಿಂಗಳ ಮೇಲೆ ಮತ್ತೆ ಒಲೆ ಹಚ್ಚಿದೆ. ಕಿಟಕಿ ತೆಗೆದಿಟ್ಟು, ಕಪಾಟಿನಿಂದ ಟೈಮರಿನ ಡಬ್ಬಿ ಇಳಿಸಿದೆ. ಎಷ್ಟು ನಿಮಿಷಕ್ಕೆ ತಿರುಗಿಸುವುದು? ಇಷ್ಟು ವರ್ಷದ ಬೇಕರಿಯವನಿಗೆ ಅದೇ ಗೊತ್ತಿರಲಿಲ್ಲ. ಡಬ್ಬಿಯೊಳಗೆ ಹಿಟ್ಟಿನ ಬೆರಳಚ್ಚಿದ್ದ ಒಂದು ಚೀಟಿ ಸಿಕ್ಕಿತು. ಅವಳ ಅಕ್ಷರ. ನನ್ನ ಸಿಗರೇಟು ಉರಿಯುವಾಗ ಅವಳು ನನಗೆ ಕಾಣದಂತೆ ಟೈಮರ್ ಹಿಡಿದು ನೋಡಿದ್ದಳು.

“ಇಪ್ಪತ್ನಾಲ್ಕು ನಿಮಿಷ. ಹತ್ತು ಸಲ ನೋಡಿದೀನಿ, ಸುಡಲ್ಲ. ಮನಸ್ಸು ಬಂದಾಗ ಇಟ್ಕೊಳ್ಳಿ.”