ಗಿರಣಿ ಬೋರಲಿಂಗಪ್ಪನ ದನಿ

ಅಭ್ಯಾಸದ ಕೋಣೆಯ ಗೋಡೆಗೆ ಒಂದು ನಿಲುವುಗನ್ನಡಿ ಇತ್ತು. ಒಂದು ಮೂಲೆಯಲ್ಲಿ ಅದರ ಲೇಪ ಕಿತ್ತುಹೋಗಿ ಕಪ್ಪು ಮಚ್ಚೆಯಾಗಿತ್ತು. ನಮ್ಮಲ್ಲಿಗೆ ಬಂದವರೆಲ್ಲ ಮೊದಲು ಅದರೆದುರು ನಿಲ್ಲಬೇಕು. ದವಡೆ ಕಳೆದುಕೊಂಡವರು, ಸ್ತನ ತೆಗೆಸಿಕೊಂಡವರು, ಕಾಲು ಕೊಟ್ಟು ಬಂದವರು, ಯಾರಿಗೂ ವಿನಾಯಿತಿ ಇರಲಿಲ್ಲ. ಉಳಿದಿರುವುದನ್ನು ಮೊದಲು ಕಣ್ಣಾರೆ ನೋಡಬೇಕು, ಆಮೇಲೆ ಅದರಿಂದ ಕೆಲಸ ತೆಗೆಯಬೇಕು ಎಂಬುದು ನಮ್ಮ ದೊಡ್ಡ ಡಾಕ್ಟರ ನಿಯಮ. ಒಳ್ಳೆಯ ನಿಯಮವೇ. ಆದರೆ ಆ ಕನ್ನಡಿಯ ಜೊತೆ ಇದ್ದೂ ಇದ್ದೂ, ಕಣ್ಣಿಗೆ ಬಿದ್ದದ್ದನ್ನು ಮನಸ್ಸು ತಾನಾಗಿ ಒಪ್ಪಿಕೊಳ್ಳುತ್ತದೆ ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು.

ಕ್ಯಾನ್ಸರ್ ಆಸ್ಪತ್ರೆಯ ಹಿಂಭಾಗದ ಆ ಕಟ್ಟಡದಲ್ಲಿ ನಾವು ಕೆಲಸ ಮಾಡುತ್ತಿದ್ದೆವು. ಮುಂದಿನ ಕಟ್ಟಡದವರು ಕೊಯ್ದು, ಹೊಲಿದು ಕಳಿಸಿದ ಮನುಷ್ಯನನ್ನು ಮತ್ತೆ ಬದುಕಿಗೆ ಹೊಂದಿಸುವುದು ನಮ್ಮ ಹೊಣೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ಹಾಗೆ ನಾವು ಒಬ್ಬ ಮನುಷ್ಯನನ್ನು ಹಂಚಿಕೊಳ್ಳುತ್ತಿದ್ದೆವು. ತೋಳು, ಭುಜ, ಕುತ್ತಿಗೆ ನನ್ನ ಪಾಲು. ಮಾತು ಇಂದುಮತಿಯದು. ಊಟ ನೋಡಿಕೊಳ್ಳುವವಳು ಒಬ್ಬಳು, ಮನಸ್ಸು ನೋಡಿಕೊಳ್ಳುವವಳು ಫಿಲೋಮಿನಾ. ಸೋಮವಾರ ಬೆಳಿಗ್ಗೆ ದೊಡ್ಡ ಡಾಕ್ಟರ ಮೇಜಿನ ಸುತ್ತ ಕೂತು, ಕಾಫಿ ಕುಡಿಯುತ್ತ, ನಮ್ಮ ನಮ್ಮ ಪಾಲು ಎಲ್ಲಿಯವರೆಗೆ ಬಂತೆಂದು ಒಪ್ಪಿಸುತ್ತಿದ್ದೆವು.

ಬೋರಲಿಂಗಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು. ಗಿರಣಿಯ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವನ ದನಿ ಇಡೀ ಬೀದಿಗೆ ಕೇಳುವಷ್ಟು ದೊಡ್ಡದಾಗಿತ್ತಂತೆ. ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಉಸಿರಾಡಲು ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿದಿತ್ತು. ಇಂಥವರಿಗೆ ನಾವು ಮೊದಲ ದಿನವೇ ಒಂದು ಸ್ಲೇಟು, ಬಳಪ ಕೊಡುತ್ತಿದ್ದೆವು. ಅವನು ಅದರ ಮೇಲೆ "ನನ್ನ ಹೆಂಡತಿಗೆ ಕಣ್ಣಿಲ್ಲ" ಎಂದು ಬರೆದು ವಾಪಸ್ಸು ಕೊಟ್ಟ.

ಹೆಂಡತಿ ಪುಟ್ಟತಾಯಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹುಟ್ಟು ಕುರುಡಿ. ಅವಳ ಪಕ್ಕದಲ್ಲಿ ಹೋಗಿ ಕೂತೆ.

"ನಾನು ಅವರ ಮುಖ ನೋಡ್ದೋಳಲ್ಲ ಕಣವ್ವ," ಎಂದಳು. "ನನಗೆ ಗಂಡ ಅಂದ್ರೆ ಆ ದನೀನೇ. ಮದುವೆ ಮನೇಲಿ ಜನ ಗಜಿಬಿಜಿ ಅಂತಿದ್ರು. ಅದರೊಳಗೆ ಅಗೋ ಅದೇ ನಿನ್ನ ಗಂಡ ಅಂತ ನಮ್ಮಕ್ಕ ಆ ದನೀನ ತೋರಿಸಿದ್ಲು. ನನ್ನ ಸೀರೆ ಬಣ್ಣ ಹೇಳೋರು ಅವರೇ. ಬಾಗಲಿಗೆ ಬಂದೋರು ನಗ್ತಾವ್ರಾ, ಮುಖ ಗಂಟು ಹಾಕ್ಕೊಂಡವ್ರಾ ಅಂತ ಹೇಳೋರೂ ಅವರೇ. ಈಗ ಸುಮ್ಕೆ ಪಕ್ಕದಲ್ಲಿ ಕೂತು ಕೈ ಹಿಡ್ಕೋತಾರೆ. ಏನು ಹೇಳಕ್ಕೆ ಹೊಂಟವ್ರೆ ಅಂತ ನಂಗೆ ತಿಳಿಯೋದಿಲ್ಲ. ಯಾವಾಗವ್ವ ಮಾತಾಡೋದು ಅವರು?"

"ಮಾತಾಡಿಸ್ತೀವಮ್ಮ," ಎಂದೆ. ಅದು ಬಾಯುಪಚಾರದ ಮಾತಾಗಿರಲಿಲ್ಲ. ಧ್ವನಿಪೆಟ್ಟಿಗೆ ಹೋದವರಿಗೂ ಮಾತು ಕಲಿಸುವ ವಿದ್ಯೆ ಇಂದುಮತಿಗೆ ಕರಗತವಾಗಿತ್ತು. ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ತೇಗಿನ ಹಾಗೆ ಮೇಲಕ್ಕೆ ತಂದು, ಆ ಸದ್ದನ್ನೇ ತುಟಿ ನಾಲಿಗೆಗಳಿಂದ ಮಾತಾಗಿ ತಿದ್ದಬೇಕು. ಹೇಳಲು ಸುಲಭ, ಮಾಡಲು ಹೆಣಗಬೇಕು.

ಬೋರಲಿಂಗಪ್ಪ ಹೆಣಗಿದ. ಜೋತುಬಿದ್ದ ಅವನ ಭುಜವನ್ನು ನಾನು ಎತ್ತಿಸಿ ಇಳಿಸಿ ಬಿಗಿ ಸಡಿಲಿಸಿದ ಮೇಲೆ, ಅವನು ಕನ್ನಡಿಯೆದುರು ಕೂತು ಗಾಳಿ ನುಂಗುತ್ತಿದ್ದ. ಮೊದಮೊದಲು ಬರೀ ತೇಗು, ಬಿಕ್ಕಳಿಕೆ. ಅವನು ನಾಚಿ ತಲೆ ತಗ್ಗಿಸುತ್ತಿದ್ದ. ಈ ನಾಚಿಕೆಯ ಕಾರಣದಿಂದಲೇ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅಭ್ಯಾಸದ ಹೊತ್ತಿನಲ್ಲಿ ಬಾಗಿಲು ಹಾಕಿರಬೇಕು, ಮನೆಯವರು ಹೊರಗೇ ಇರಬೇಕು. ಮೊದಲ ಮಾತು ತಿದ್ದಿ ತೀಡಿ ಸಿದ್ಧವಾದ ಮೇಲೆ ಒಂದು ದಿನ ಗೊತ್ತುಮಾಡಿ, ಎಲ್ಲರೂ ಸೇರಿ, ಅದನ್ನು ಮನೆಯವರಿಗೆ ಕೇಳಿಸಬೇಕು. ಆವತ್ತು ಕಲ್ಲುಸಕ್ಕರೆ ಹಂಚುತ್ತಿದ್ದೆವು. ಹಾಗೆ ಕೇಳಿಸಿಕೊಂಡ ಹೆಂಡಂದಿರು, ಮಕ್ಕಳು ಎಷ್ಟೋ ಜನ ಅಲ್ಲೇ ಅತ್ತು ನಕ್ಕು ಅಪ್ಪಿಕೊಂಡದ್ದನ್ನು ನೋಡಿ ನಾವೂ ಕಣ್ಣೊರೆಸಿಕೊಂಡಿದ್ದೇವೆ.

ಮೊದಲ ಮಾತು ಯಾವುದಿರಲಿ ಎಂದು ಇಂದುಮತಿ ಕೇಳಿದಾಗ ಅವನು ಸ್ಲೇಟಿನ ಮೇಲೆ "ಪುಟ್ಟಿ" ಎಂದು ಬರೆದ. ಹೆಂಡತಿಯನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಅದೂ ಮನೆಯೊಳಗೆ ಮಾತ್ರ.

"ಒಳ್ಳೆ ಹೆಸರೇ ಇಟ್ಟಿದೀರಿ ಬಿಡಿ," ಎಂದು ಇಂದುಮತಿ ನಕ್ಕಳು. "ತುಟಿ ಒಂದು ಸಲ ಬಡೀಬೇಕು, ನಾಲಿಗೆ ಒಂದು ಸಲ. ಗಂಟಲಿನ ಹಂಗೇ ಬೇಡ. ನಿಮಗೆ ಅಂತಲೇ ಮಾಡಿಸಿದ ಹಾಗಿದೆ."

ಅಷ್ಟರಲ್ಲಿ ಕೆಮ್ಮು ಶುರುವಾಯಿತು. ಎದೆಯ ಚಿತ್ರ ತೆಗೆಸಿದಾಗ ಶ್ವಾಸಕೋಶದ ತುಂಬ ಕ್ಯಾನ್ಸರಿನ ಗಂಟುಗಳು. ಸೋಮವಾರ ದೊಡ್ಡ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಆಮೇಲೆ, "ಭುಜ ಬಿಡಿ, ತೂಕ ಬಿಡಿ," ಎಂದರು. "ಅವನ ಹೆಂಡತಿ ಜೊತೆ ಮಾತೊಂದು ಆಡಿ ಹೋಗಲಿ. ನಮ್ಮ ಕೈಲಿ ಇನ್ನು ಆಗೋದು ಅಷ್ಟೆ." ಬೋರಲಿಂಗಪ್ಪನಿಗೂ ಅವರೇ ತಿಳಿಸಿದರು. ಅವನು ಸ್ಲೇಟು ಎಳೆದುಕೊಂಡು "ಬೇಗ ಕಲಿಸಿ" ಎಂದು ಬರೆದ. ಅವನಿಗೆ ಸಾವಿನ ಭಯಕ್ಕಿಂತ ಈ ಅವಸರವೇ ದೊಡ್ಡದಾಗಿತ್ತು.

ಗೊತ್ತುಮಾಡಿದ ದಿನ ಬಂತು. ಪುಟ್ಟತಾಯಮ್ಮ ಹಸಿರು ಸೀರೆಯುಟ್ಟು ತಲೆತುಂಬ ಹೂ ಮುಡಿದು ಬಂದಿದ್ದಳು. ಅವಳನ್ನು ಕನ್ನಡಿಗೆ ಬೆನ್ನಾಗಿ ಕುರ್ಚಿಯಲ್ಲಿ ಕೂರಿಸಿದೆವು. ನಾವೆಲ್ಲ ಸುತ್ತ ನಿಂತೆವು. ಕಲ್ಲುಸಕ್ಕರೆಯ ತಟ್ಟೆ ಫಿಲೋಮಿನಾಳ ಕೈಯಲ್ಲಿತ್ತು. ಬೋರಲಿಂಗಪ್ಪ ಹೆಂಡತಿಯ ಎದುರು ಬಂದು ನಿಂತು, ಗಾಳಿ ನುಂಗಿ, ಕೂಗಿದ.

"ಪುಟ್ಟೀ."

ಅಷ್ಟು ಸ್ವಚ್ಛವಾಗಿ ಅವನು ಅಭ್ಯಾಸದಲ್ಲೂ ಹೇಳಿರಲಿಲ್ಲ. ಇಂದುಮತಿ ನನ್ನ ಕೈ ಹಿಡಿದುಕೊಂಡಳು.

ಪುಟ್ಟತಾಯಮ್ಮ ಸರಕ್ಕನೆ ಸೆರಗು ಹೊದ್ದುಕೊಂಡಳು. ಕಾಲು ಹಿಂದಕ್ಕೆಳೆದುಕೊಂಡಳು. ಮುಖ ಕೆಂಪಾಗಿತ್ತು.

"ಯಾರ್ಲಾ ಅದು? ಯಾವನು ನನ್ನ ಆ ಹೆಸರಿಡಿದು ಕೂಗಿದ್ದು?" ಎಂದವಳೇ ನಮ್ಮ ಕಡೆಗೆ ತಿರುಗಿದಳು. "ನಮ್ಮೋರು ಎಲ್ಲವ್ವ? ಅವರು ಇಲ್ಲಿದ್ದಿದ್ರೆ ಹಿಂಗೆ ಕೂಗೋ ಧೈರ್ಯ ಯಾರಿಗಿತ್ತು? ಕರೀರಿ ಅವರ್ನ!"

ಬೇರೆ ಹೆಂಡಂದಿರು ಆ ಒರಟು ಸದ್ದನ್ನು ಕೇಳುವಾಗ ಎದುರಿಗೆ ಗಂಡನ ಮುಖವಿರುತ್ತಿತ್ತು. ಆ ಮುಖಕ್ಕೆ ಅವರು ಸದ್ದನ್ನು ಒಪ್ಪಿಸಿಕೊಳ್ಳುತ್ತಿದ್ದರು. ಇವಳಿಗೆ ಇದ್ದ ಮುಖವೇ ದನಿ. ಅವಳಿಗೆ ಕಣ್ಣಿಲ್ಲವೆಂದೇ ಅಲ್ಲವೇ ನಾವು ಅವನಿಗೆ ಮಾತು ಕಲಿಸಹೊರಟದ್ದು? ಆದರೂ ಅವಳ ಕಿವಿ ಯಾರ ಪಾಲಿಗೂ ಬಂದಿರಲಿಲ್ಲ. ಅದನ್ನು ಬೆಂಚಿನ ಮೇಲೆ, ಮುಚ್ಚಿದ ಬಾಗಿಲಿನಾಚೆ ಬಿಟ್ಟಿದ್ದೆವು.

ದೊಡ್ಡ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಅವಳ ಕೈ ಹಿಡಿದು ಅವನ ಕೆನ್ನೆಯ ಮೇಲಿಟ್ಟರು. ಅವನು ಇನ್ನೊಮ್ಮೆ, ತಗ್ಗಿಸಿ, "ಪುಟ್ಟಿ" ಎಂದ. ಅವಳ ಬೆರಳುಗಳು ಕೆನ್ನೆಯನ್ನು ಗುರುತಿಸಿದವು, ಆದರೆ ಸದ್ದು ಕೇಳಿದೊಡನೆ ಬೆಚ್ಚಿ ಈಚೆಗೆ ಬಂದವು.

"ಸರಿ. ಗೊತ್ತಾಯ್ತು," ಎಂದಳು, ಪರಸ್ಥಳದವರೊಡನೆ ಆಡುವ ಹಾಗೆ.

ಮನೆಗೆ ಹೊರಡುವ ಮುಂಚೆ ಬೆಂಚಿನ ಬಳಿ, "ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತಮ್ಮ," ಎಂದೆ.

"ಇಷ್ಟು ದಿನ ಅವರು ಮಾತಾಡದೇ ಇದ್ರೂ ಇಲ್ಲೇ ಇದ್ರು ಕಣವ್ವ," ಎಂದಳು ಅವಳು. "ಕೈ ಅವರದೇ, ಮೈಯ ಹಿಟ್ಟಿನ ವಾಸನೆ ಅವರದೇ. ದನಿ ಎಲ್ಲೋ ಹೋಗೈತೆ, ಬತ್ತೈತೆ ಅಂತ ಕಾಯ್ತಿದ್ದೆ. ಈಗ ಯಾರೋ ಬಂದು ಅವರ ಜಾಗದಲ್ಲಿ ಕುಂತಂಗಾಯ್ತು. ಇನ್ನು ಯಾರನ್ನ ಕಾಯ್ಲಿ?"

ಬೋರಲಿಂಗಪ್ಪ ಆಮೇಲೆ ಅವಳೆದುರು ಬಾಯಿ ಬಿಡಲಿಲ್ಲ. ಫಿಲೋಮಿನಾ ಪರಿಪರಿಯಾಗಿ ಹೇಳಿ ಸೋತಳು. ಕೊನೆಯ ಸಲ ವಾರ್ಡಿಗೆ ಸೇರಿದಾಗ ನಮ್ಮೊಡನೆ ಮಾತ್ರ ಚೆನ್ನಾಗಿಯೇ ಆಡುತ್ತಿದ್ದ. ನೀರು ಕೇಳುತ್ತಿದ್ದ, ಗಂಜಿಗೆ ಉಪ್ಪಿಲ್ಲವೆಂದು ಬೈಯುತ್ತಿದ್ದ. ಬೇರೆ ಊರಿನಿಂದ ಬಂದ ಡಾಕ್ಟರುಗಳಿಗೆ ಇಂದುಮತಿ ಅವನನ್ನು ತೋರಿಸಿದ್ದೂ ಉಂಟು. ನಮ್ಮ ಲೆಕ್ಕದಲ್ಲಿ ಅವನು ಗೆದ್ದವನು. ವಾರ್ಡಿನ ಬಾಗಿಲಲ್ಲಿ ಪುಟ್ಟತಾಯಮ್ಮನ ಬಳೆ ಸದ್ದಾದರೆ ಸಾಕು, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದ. ಅವಳು ಬಂದು ಕೂತು ಅವನ ಕೈಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು. ಇಬ್ಬರೂ ಹಾಗೇ ಇರುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಎದ್ದು, ಮಂಚಗಳ ಕಂಬಿ ಮುಟ್ಟಿಕೊಳ್ಳುತ್ತ ಒಬ್ಬಳೇ ಬಾಗಿಲ ಕಡೆಗೆ ಹೊರಟಳು. ನೆಲ ಒರೆಸುವವಳು ದಾರಿಯ ನಡುವೆ ಬಕೆಟ್ಟು ಇಟ್ಟು ಎಲ್ಲೋ ಹೋಗಿದ್ದಳು. ಅವನ ದಿಂಬು ಸರಿಮಾಡುತ್ತಿದ್ದ ನಾನು ಅದನ್ನು ಕಂಡಿರಲಿಲ್ಲ. ಅವನು ಕಂಡ. ತಟ್ಟನೆ ಗಾಳಿ ನುಂಗಿದ ಸದ್ದು ನನ್ನ ಕಿವಿಗೆ ಬಿತ್ತು. ತಿರುಗಿ ನೋಡಿದರೆ ತುಟಿಗಳು ಆ ಹೆಸರಿಗೆ ಸಿದ್ಧವಾಗಿ ಒಂದಕ್ಕೊಂದು ಒತ್ತಿಕೊಂಡಿದ್ದವು. ಹಾಗೇ ಒತ್ತಿಕೊಂಡೇ ಉಳಿದವು. ನನ್ನ ಮಣಿಕಟ್ಟು ಹಿಡಿದು ಜಗ್ಗಿ, ಬೆರಳು ತೋರಿಸಿದ.

"ಅಮ್ಮಾ, ನಿಲ್ಲಿ, ಬಕೆಟ್ಟಿದೆ!" ಎಂದು ನಾನು ಕೂಗಿದೆ.

ಅವಳು ನಿಂತಳು. ಕಾಲಿನಿಂದ ತಡವಿ, ಸುತ್ತಿಕೊಂಡು ದಾಟಿದಳು. "ಒಳ್ಳೇದಾಯ್ತವ್ವ, ನೀನಾದ್ರೂ ನೋಡ್ದೆ," ಎಂದು ನನ್ನ ದನಿ ಬಂದ ಕಡೆಗೆ ಹೇಳಿ ಹೊರಟುಹೋದಳು. ನುಂಗಿದ್ದ ಗಾಳಿಯನ್ನು ಅವನು ಸದ್ದಾಗದಂತೆ, ಸ್ವಲ್ಪ ಸ್ವಲ್ಪವಾಗಿ, ಹೊರಕ್ಕೆ ಬಿಡುತ್ತಿದ್ದ.