ಮೂಳೆಯ ತುದಿಗೆ ಒಂದು ನೀಲಿ ಗುರುತು

ಮತ್ತೆ ಅದೇ ಪಿಯಾನೊ, ಅವೇ ನಾಲ್ಕು ಸ್ವರ ಹತ್ತಿ ಇಳಿದು ಹತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ, ಅಮೂಲ್ಯವಾದದ್ದನ್ನು ಯಾರಾದರೂ ಇಷ್ಟು ಹೊತ್ತು ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ, ಹಾಡಿಕೊಂಡಿರಲಿ ಫೋನು ಕಿಟಕಿಕಟ್ಟೆಯ ಮೇಲೆ, ನನ್ನ ಕೈಗೆ ಕೆಲಸವಿದೆ — ಬಕೆಟ್ಟಿನ ನೀರು ಉಗುರುಬೆಚ್ಚಗಿದೆ, ಇದಕ್ಕಿಂತ ಬಿಸಿಯಾದರೆ ಪ್ಲಾಸ್ಟರು ಬೇಗ ಬಿಗಿದು ಬೆರಳಿಗೆ ಪುರುಸೊತ್ತು ಕೊಡುವುದಿಲ್ಲ — ಕಂಡಕ್ಟರಣ್ಣ ಎತ್ತರದ ಕುರ್ಚಿಯಲ್ಲಿ ಕೂತು ಮೊಣಕಾಲ ಕೆಳಗೆ ಉಳಿದಿರುವಷ್ಟು ಕಾಲನ್ನು ನನ್ನ ಕಡೆ ಚಾಚಿದ್ದಾರೆ, ಅದರ ಮೇಲೆ ತೆಳು ಬಿಳಿ ಚೀಲ, ಚೀಲದಡಿ ಈಗಷ್ಟೇ ಆರಿದ ಗಾಯ, ಇಲ್ಲಿಂದ ಹೋದ ಕೃತಕ ಕಾಲೇ ಉಜ್ಜಿ ಆದದ್ದು. ಮೂಳೆಯ ತುದಿ ತಾಗದಂತೆ, ಕಾಲು ಕೂರುವ ಬಟ್ಟಲಿನೊಳಗೆ ಒಂದು ಗುಳಿ ಬಿಟ್ಟಿದ್ದೆ, ಪರದೆಯ ಮೇಲೆ ಈಗಲೂ ಇದೆ ಆ ಗುಳಿ, ಕೊರೆಯುವ ಯಂತ್ರಕ್ಕೆ ಹೋದ ಫೈಲಿನಲ್ಲಿ ಇಲ್ಲ, ಸಾಫ್ಟ್‌ವೇರ್ ಕಂಪನಿಯ ಹೊಸ ಆವೃತ್ತಿ ನನ್ನನ್ನು ಒಂದು ಮಾತೂ ಕೇಳದೆ ಸವರಿ ನಯ ಮಾಡಿಬಿಟ್ಟಿದೆ, ಎರಡನ್ನೂ ಒಂದರ ಮೇಲೊಂದು ಇಟ್ಟು ಅಳೆದು ಚಿತ್ರ ಸಮೇತ ಕಳಿಸಿದೆ, ಉತ್ತರ ಬಂತು, ಮೇಡಂ ದಯವಿಟ್ಟು ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ಇನ್ನೊಬ್ಬ, ಇದು ದೋಷ ಅಲ್ಲ ಮೇಡಂ, ಸೌಲಭ್ಯ, ಗ್ರಾಹಕರೇ ಕೇಳಿದ್ದು, ಯಾವ ಗ್ರಾಹಕರಪ್ಪ, ಅವರಿಗೆ ಮೂಳೆ ಇದೆಯಾ, ಆ ಸವರೋದನ್ನು ನಿಲ್ಲಿಸೋ ಬಟನ್ ಎಲ್ಲಿ ಹೋಯಿತು, ಅದು ಈಗ ಮೇಲಿನ ಪ್ಲಾನಿನಲ್ಲಿದೆ ಮೇಡಂ, ಅಪ್‌ಗ್ರೇಡ್ ಮಾಡಿಕೊಳ್ಳಿ. ಇದನ್ನು ಕಂಡಕ್ಟರಣ್ಣನಿಗೆ ಹೇಳಿದಾಗ ಹೊಟ್ಟೆ ಕುಲುಕಿಸಿ ನಕ್ಕರು, ಅವರು ಒಂದು ಸಲ ನನ್ನ ಬಸ್ಸು ಹತ್ತಲಿ ಅಕ್ಕ, ಸೀಟಿಗೊಂದು ಟಿಕೆಟ್, ಕಿಟಕಿಗೊಂದು ಟಿಕೆಟ್, ಬ್ರೇಕ್ ಬೇಕು ಅಂದ್ರೆ ಅದಕ್ಕೆ ಬೇರೆ ಹರಿದು ಕೊಡ್ತೀನಿ — ಕಾಲಿನ ಚೀಲ ಸರಿಮಾಡಿಕೊಳ್ಳುತ್ತಾ, ಸೋಮವಾರ ಡಿಪೊ ಡಾಕ್ಟರು ಬಸ್ಸಿನ ಮೆಟ್ಟಿಲು ಹತ್ತಿಸಿ ನೋಡ್ತಾರಂತೆ, ಕುಂಟಿದ್ರೆ ಟಿಕೆಟ್ ಕಟ್ಟೋ ರೂಮಿಗೆ ಹಾಕ್ತಾರೆ, ಆ ರೂಮಿಗೆ ಕಿಟಕೀನೇ ಇಲ್ಲ ಅಕ್ಕ. ಹತ್ತುತ್ತೀರಿ, ಸುಮ್ಮನೆ ಕೂತ್ಕೊಳ್ಳಿ.

ಹತ್ತುತ್ತಾರೆ, ನನಗೆ ಗೊತ್ತು, ಈ ಸಲ ಆ ಫೈಲಿನ ಗೊಡವೆಯೇ ಬೇಡ, ಕಾಲೇಜಿನಲ್ಲಿ ಕಲಿತ ಹಳೆಯ ದಾರಿ — ಒದ್ದೆಯಾದರೆ ಗುರುತು ಪ್ಲಾಸ್ಟರಿಗೆ ಅಂಟಿಕೊಳ್ಳುವ ನೀಲಿ ಪೆನ್ಸಿಲು, ಹೆಬ್ಬೆರಳಿನಿಂದ ಮೂಳೆಯ ಅಂಚು ಹುಡುಕುತ್ತಾ ಇಳಿಯುತ್ತೇನೆ, ಇಲ್ಲಿ ನೋವಾ, ಇಲ್ಲ, ಇಲ್ಲಿ, ಸ್ವಲ್ಪ, ಇಲ್ಲಿ — ಹ್ಞಾಂ ಅಲ್ಲೇ, ಅಲ್ಲೇ ಅಕ್ಕ, ಚೀಲದ ಮೇಲೆ ಅದರ ಸುತ್ತ ಒಂದು ನೀಲಿ ಉಂಗುರ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು, ಆ ವಿಸ್ತೀರ್ಣ ಒಂದು ಬೆರಳತುದಿಯಷ್ಟಾಗಿ ಮನುಷ್ಯನ ಇಡೀ ತೂಕ ಅದರ ಮೇಲೆ ನಿಂತರೆ ಏನಾಗುತ್ತದೆಂದು ಈ ಚರ್ಮ ಹೇಳಿಕೊಟ್ಟಿತು — ಪ್ಲಾಸ್ಟರಿನ ಒದ್ದೆ ಪಟ್ಟಿ ಸುತ್ತು ಮೇಲೆ ಸುತ್ತು, ಅಂಗೈಯಿಂದ ನೀವುತ್ತೇನೆ, ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಕೈಗೆ ನೆನಪಿದೆ, ಬೆಚ್ಚಗಾಗುತ್ತಿದೆ, ಗಟ್ಟಿಯಾಗುತ್ತಿದೆ, ಪಿಯಾನೊ ನಿಂತಿತು, ನಮಸ್ಕಾರ ಮೇಡಂ, ನಿಮ್ಮ ದೂರನ್ನು ಪರಿಹರಿಸಿ ಮುಚ್ಚಲಾಗಿದೆ, ನಮ್ಮ ಸೇವೆ ಹೇಗಿತ್ತು, ಒಂದರಿಂದ ಐದರೊಳಗೆ ಒಂದು ಅಂಕಿ ಒತ್ತಿ, ಕಂಡಕ್ಟರಣ್ಣ ಕಿಟಕಿಕಟ್ಟೆಯ ಫೋನಿನ ಕಡೆ ಕೈ ಚಾಚುತ್ತಾರೆ, ಒತ್ತಲಾ ಅಕ್ಕ, ಸೊನ್ನೆ ಇದೆಯಾ ಅಂತ ಕೇಳಲಾ, ಅಲ್ಲಾಡಬೇಡಿ ಅಣ್ಣ, ಇನ್ನೊಂದು ಉಸಿರು, ಹಾಂ, ಈಗ ಕಾಲು ಹಿಂದಕ್ಕೆಳೀರಿ, ಮೆಲ್ಲಗೆ, ಬಂತು — ಟೊಳ್ಳಾದ ಬಿಳಿ ಅಚ್ಚನ್ನು ಬೆಳಕಿಗೆ ಓರೆಮಾಡಿ ಹಿಡಿಯುತ್ತೇನೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಒಂದರಿಂದ ಐದರೊಳಗೆ, ಕೈಯೆಲ್ಲ ಪ್ಲಾಸ್ಟರು, ಒಳಗೆ ಇಣುಕುತ್ತೇನೆ, ಬಿಳಿ, ಬಿಳಿ, ಅದೋ, ಇಟ್ಟ ಜಾಗದಲ್ಲೇ, ಯಾರೂ ಸವರದ ಆ ನೀಲಿ ಉಂಗುರ