ಎದುರಿನವರ ಬಾಯಲ್ಲಿ ‘ಖರೆ’

ಪ್ರಾತಃಕಾಲದ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಶಂಕರಲಿಂಗ ಶಾಸ್ತ್ರಿಗಳು ಅನುರಾಧೆಯ ಪ್ರಬಂಧವನ್ನು ಕೈಗೆತ್ತಿಕೊಂಡರು. ಇಳಕಲ್ಲಿನ ನೇಕಾರರ ಮನೆಯ ಈ ಹುಡುಗಿ ಹುನಗುಂದದ ಕಾಲೇಜಿನಲ್ಲಿ ಓದುತ್ತಿದ್ದಳು. ಪ್ರಬಂಧವನ್ನು ಮರುದಿನವೇ ಬಾಗಲಕೋಟೆಯ ಸ್ಪರ್ಧೆಗೆ ಒಪ್ಪಿಸಬೇಕಿತ್ತು. ಗುರುಗಳೊಬ್ಬರ ಸಹಿಯಿಲ್ಲದೆ ಅಲ್ಲಿ ಸ್ವೀಕರಿಸುತ್ತಿರಲಿಲ್ಲ. ವಿಷಯ: ‘ಕೈಮಗ್ಗವೋ, ಪವರ್‌ಲೂಮೋ?’

“ಪವರ್‌ಲೂಮಿನವರು ಲೋಭಿಗಳು, ಕಲಾಘಾತಕರು... ಏನವ್ವ ಇದು?”

“ಪೂರ್ವಪಕ್ಷರಿ ಗುರುಗಳ.”

“ಇದು ಪೂರ್ವಪಕ್ಷ ಅಲ್ಲ, ನಳದ ಮುಂದಿನ ಜಗಳ.” ಶಾಸ್ತ್ರಿಗಳು ನಕ್ಕು ಹಾಳೆಯನ್ನು ಹಿಂದಿರುಗಿಸಿದರು. “ಪೂರ್ವಪಕ್ಷ ಅಂದ್ರ ಎದುರಿನವನ ವಾದಾನ ಅವನಕಿಂತ ಛಲೋ ಬರೀಬೇಕು. ಹೋಗಿ ಅವನ ಮುಂದನ ಓದು. ಅವ ‘ಖರೆ’ ಅಂತ ಒಪ್ಪಿದಮ್ಯಾಲ ಖಂಡಸು, ನಿನ್ನ ಸಿದ್ಧಾಂತ ಹೇಳು. ಆಮ್ಯಾಲ ಸಹಿ.”

ಅನುರಾಧೆಯ ಮುಖ ಬಾಡಿತು. ಎದುರಿನವನೆಂದರೆ ಎದುರುಮನೆಯ ಕಾಕಾ ಶ್ರೀಧರನೇ. ಆತ ಕೈಮಗ್ಗ ಕಿತ್ತು ಪವರ್‌ಲೂಮ್ ಹಾಕಿದಂದಿನಿಂದ ಅವಳ ತಂದೆ ಹುಚ್ಚೇಶನಿಗೂ ಅವನಿಗೂ ನೇರ ಮಾತಿಲ್ಲ. ಏನಿದ್ದರೂ ಅವರಿಬ್ಬರ ತಾಯಿ, ಅನುರಾಧೆಯ ಆಯಿ ರತ್ನಾಬಾಯಿಯ ಮೂಲಕವೇ.

ಆದರೂ ಹೋದಳು. ಅವಳು ಕೇಳಬಂದದ್ದು ತಿಳಿದೊಡನೆ ಕಾಕಾ ಯಂತ್ರಗಳನ್ನೆಲ್ಲ ನಿಲ್ಲಿಸಿದ. “ಮಗ್ಗದ ಕುಣಿಯೊಳಗ ಕಾಲ್ ಇಳಿಬಿಟ್ಟು ನೇದು ನೇದು ನಿಮ್ಮ ಆಯಿ ಮಣಕಾಲು ಏನಾದುವು? ನೆಟ್ಟಗ ನಾಕು ಹೆಜ್ಜಿ ಇಡಾಕ ಬರಂಗಿಲ್ಲ ಆಕಿಗೆ. ಮತ್ತ, ಕಾಯಿಪಲ್ಲೆ ಮಾರೋ ಜೈನಬಿ ಮಗಳ ಲಗ್ನಕ್ಕ ಇಳಕಲ್ ಸೀರಿ ಉಡಬೇಕಂದ್ರ ಕೈಮಗ್ಗದ್ದು ಕೊಳ್ಳಾಕ ಆಗತೈತೇನು? ಆಕಿಗೆ ಆಸೆ ಇರಬಾರದೇನು?”

ಅನುರಾಧೆ ಅಲ್ಲಿಯೇ ಕುಳಿತು ಬರೆದು, ಓದಿ ತೋರಿಸಿದಳು. ಕಾಕಾನ ಕಣ್ಣು ತುಂಬಿತು. “ಖರೆ! ನೂರಕ್ಕ ನೂರು ಖರೆ!” ಎಂದವನೇ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಸಾರಿದ: “ಕೇಳ್ರೆಪಾ! ಅಣ್ಣನ ಮಗಳು ಪವರ್‌ಲೂಮನ ಶ್ರೇಷ್ಠ ಅಂತ ಬರದಾಳ!”

ಎದುರಿಗೆ ಹುಚ್ಚೇಶನ ಮಗ್ಗದ ಸದ್ದು ನಿಂತಿತು.

ಅನುರಾಧೆ ಓಡಿಬಂದಾಗ ಹುಚ್ಚೇಶ ತಾಯಿಯ ಕಡೆಗೆ ತಿರುಗಿ ಹೇಳುತ್ತಿದ್ದ: “ಇನ್ನ ಆಕಿ ಅಲ್ಲೇ ಉಣ್ಣಲಿ ಅಂತ ಹೇಳವ್ವಾ.”

“ಅಪ್ಪಾ, ಇದು ಅರ್ಧಾನ. ಅವರ ಮಾತು ಮೊದಲ ಹೇಳಿ, ಆಮ್ಯಾಲ ನಮ್ಮದು ಹೇಳೂದು ಪದ್ಧತಿ.”

“ಓದು ಹಂಗಾರ. ಎಷ್ಟ್ ಸುಳ್ಳ ಹೇಳ್ಯಾನ ನೋಡೂನು.”

ಅವಳು ಓದಿದಳು. ಆಯಿಯ ಮೊಣಕಾಲಿನ ಮಾತು ಬಂದಾಗ ಹುಚ್ಚೇಶ ನೆಲ ನೋಡಿದ. “ಇದೊಂದು... ಖರೆ ಐತಿ,” ಎಂದ.

ಬಳಿಕ ಅವಳು ತನ್ನ ಪಕ್ಷಕ್ಕೆ ತೊಡಗಿದಳು: ಸೆರಗಿನ ರೇಷ್ಮೆಯೆಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಬೆರಳಿನ ಕೆಲಸ, ಆ ಬೆರಳುಗಳು ಮರೆತರೆ ಮತ್ತೆ ಕಲಿಸುವವರಿಲ್ಲ.

“ಇದೂ ಖರೇನ,” ಎಂಬ ದನಿ ಕೇಳಿ ಎಲ್ಲರೂ ತಿರುಗಿದರು. ಶ್ರೀಧರ ಹೊಸ್ತಿಲಲ್ಲಿ ನಿಂತಿದ್ದ.

ಉಳಿದದ್ದು ಕೊನೆಯ ತೀರ್ಮಾನ, ಸಿದ್ಧಾಂತ. ‘ಪವರ್‌ಲೂಮನ್ನು ನಿಷೇಧಿಸಬೇಕು’ ಎಂಬ ಹಳೆಯ ಸಾಲನ್ನು ಅವಳೇ ಹೊಡೆದು ಹಾಕಿ, ಯೋಚಿಸಿ ಬರೆದು ಓದಿದಳು: ‘ಎರಡೂ ಬಾಳಲಿ, ಆದರೆ ಯಂತ್ರದ ಸೀರೆ ತಾನು ಯಂತ್ರದ್ದೆಂದೇ ಹೇಳಿಕೊಂಡು ಮಾರಾಟವಾಗಲಿ.’

“ಆ ಸಾಲು ತಗಿಯವ್ವ! ಗಿರಾಕಿ ಓಡಿಹೋಗತಾರ,” ಎಂದ ಕಾಕಾ.

“ಯಾಕ ತಗೀಬೇಕಲೇ?” ಎಂದು ಹುಚ್ಚೇಶ ನೇರ ತಮ್ಮನಿಗೇ ಗದರಿದ. “ಖರೆ ಹೇಳಾಕ ಅಂಜಿಕೇನು?”

“ಅಂಜಿಕಿ ಅಲ್ಲೋ ಅಣ್ಣಾ, ಯಾಪಾರ! ನೀ ಒಂದ ವಾರ ನನ್ನ ಅಂಗಡ್ಯಾಗ ಕುಂಡ್ರು, ತಿಳೀತೈತಿ!”

ರತ್ನಾಬಾಯಿ ಇಬ್ಬರನ್ನೂ ನೋಡಿ, ಗೋಡೆ ಹಿಡಿದು ಎದ್ದು ಚಹಾಕ್ಕಿಟ್ಟಳು.

ಮರುದಿನ ಬೆಳಿಗ್ಗೆ ಶಾಸ್ತ್ರಿಗಳು ಪ್ರಬಂಧವನ್ನು ಆದ್ಯಂತ ಓದಿದರು. ಕೈಮಗ್ಗದ ಧೋತರವನ್ನಲ್ಲದೆ ಬೇರೊಂದನ್ನು ಉಡದ ವೃದ್ಧರು ಅವರು.

“ನಿನ್ನ ಸಿದ್ಧಾಂತ ನನಗ ಒಪ್ಪಿಗಿಲ್ಲವ್ವ. ಭಾಳ ಮೆತ್ತಗಾತು,” ಎಂದರು.

ಅನುರಾಧೆ ಹಾಳೆಗೆ ಕೈಚಾಚಿದಳು. ಆದರೆ ಶಾಸ್ತ್ರಿಗಳ ಲೇಖನಿ ಆಗಲೇ ಹಾಳೆಯ ಕೆಳಗೆ ಹರಿದಿತ್ತು.

“ಸಹಿ ಮಾಡಿದ್ರಲ್ಲರಿ!”

“ಪ್ರಬಂಧ ಸರಿ ಐತಿ, ಅದಕ್ಕ ಮಾಡೇನಿ. ಸಿದ್ಧಾಂತ ಎಲ್ಲಿ ತಪ್ಪೈತಿ ಅಂತ ಈಗ ಹೇಳ್ತೇನಿ, ಕುಂಡ್ರು. ಮೊದಲನೇದು...”

“ಗುರುಗಳ, ಬಾಗಲಕೋಟಿ ಬಸ್ಸು!” ಎಂದು ಕಾಲು ಮುಟ್ಟಿ ನಮಸ್ಕರಿಸಿ ಓಡಿದಳು.

ಶಾಸ್ತ್ರಿಗಳು ತಮ್ಮ ವಾದವನ್ನು ಹೇಳುತ್ತಲೇ ಬಸ್ ನಿಲ್ದಾಣದವರೆಗೂ ಅವಳ ಹಿಂದೆ ನಡೆದರು.